ಕಿವಿ ಮಿಷನ್ನಿನ ಬಿಡಿಭಾಗ: ಬಳಕೆದಾರರ ಮಗನಿಗೊಂದು ಕೈಪಿಡಿ

ಅಭಿನಂದನೆಗಳು! ಹಿಯರಿಂಗ್ ಏಡ್ ಕೊಂಡವರಿಗೆ ಕಂಪನಿಯವರು ಹೀಗೆಯೇ ಶುರುಮಾಡುತ್ತಾರೆ. ಪೆಟ್ಟಿಗೆಯಲ್ಲಿ ಅವರು ಇಟ್ಟ ಪುಸ್ತಿಕೆ ನಮ್ಮ ಮನೆಯಲ್ಲೂ ಇದೆ. ಡೇನಿಶ್, ಪೋಲಿಶ್, ತುರ್ಕಿ ಎಲ್ಲ ಉಂಟು, ಕನ್ನಡ ಇಲ್ಲ. ಆದ್ದರಿಂದ ಈ ಕೈಪಿಡಿ. ಇದು ಮಿಷನ್ನು ಹಾಕಿಕೊಳ್ಳುವವರಿಗಲ್ಲ. ಅವರು ಎಲ್ಲ ಬಲ್ಲವರು, ಅವರಿಗೆ ಯಾವ ಕೈಪಿಡಿಯೂ ಬೇಕಿಲ್ಲ. ಇದು ಸೆಲ್ಲಿಗಾಗಿ ಮೆಡಿಕಲ್ ಸ್ಟೋರಿನಿಂದ ಮೆಡಿಕಲ್ ಸ್ಟೋರಿಗೆ ಅಲೆಯುವ, ಟಾರ್ಚು ಹಿಡಿದು ಮಂಚದ ಕೆಳಗೆ ತೆವಳುವ ಮಗನಿಗೆ, ಮಗಳಿಗೆ, ಸೊಸೆಗೆ. ಓದಿದ ಮೇಲೆ ಬಳಕೆದಾರರ ಕಣ್ಣಿಗೆ ಬೀಳದ ಕಡೆ ಇಡಿ. ಕಿವಿ ಮಂದವಾದವರಿಗೆ ಕಣ್ಣು ಬಹಳ ಚುರುಕು.

ಸಾಧನದ ಪರಿಚಯ

ನಮ್ಮ ಮನೆಯ ಸಾಧನದಲ್ಲಿ ಎರಡು ಭಾಗ. ಒಂದು, ಕಿವಿಯ ಹಿಂದೆ ಕೂರುವ ಗೋಡಂಬಿ ಗಾತ್ರದ ಮಿಷನ್ನು. ಅದರಿಂದ ಸಣ್ಣ ತಂತಿಯೊಂದು ಇಳಿಯುತ್ತದೆ, ತಂತಿಯ ತುದಿಯಲ್ಲಿ ಕಿವಿಯೊಳಕ್ಕೆ ಹೋಗುವ ಪುಟಾಣಿ ಸ್ಪೀಕರು. ಅದಕ್ಕೆ ರಿಸೀವರ್ ಅನ್ನುತ್ತಾರೆ. ರಿಸೀವರಿನ ತಲೆಗೆ ಸಿಲಿಕೋನ್ ಟೋಪಿ, ಅದು ಡೋಮು. ಎರಡನೆಯ ಭಾಗ ಅಪ್ಪ. ವಯಸ್ಸು ಎಂಬತ್ತೊಂದು. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಕನ್ನಡ ಮೇಷ್ಟ್ರು. ಅಮ್ಮ ಹೋದ ಮೇಲೆ ನಮ್ಮ ಜೊತೆಗೆ ಗಾಜಿಯಾಬಾದಿನ ವೈಶಾಲಿಯಲ್ಲಿ, ಆರನೇ ಮಹಡಿಯಲ್ಲಿ ಇದ್ದಾರೆ.

ಮೇಷ್ಟ್ರಾಗಿದ್ದಾಗ ಅವರ ಯುದ್ಧವೆಲ್ಲ ಶ, ಷ, ಸ ಮೇಲೆ. 'ಸಾಲೆಗೆ ಬಂದೆ ಸಾರ್' ಅಂದವನು ಬೆಂಚಿನ ಮೇಲೆ ನಿಲ್ಲಬೇಕಿತ್ತು. 'ಯಾಕೆ ಸಿಕ್ಸೆ ಸಾರ್' ಅಂದರೆ ಇನ್ನೊಂದು ಪೀರಿಯಡ್ಡು. ಈಗ ಅವರ ಕಿವಿಯಿಂದ ಮೊದಲು ಗಂಟುಮೂಟೆ ಕಟ್ಟಿದ್ದು ಅದೇ ಸಕಾರ. ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಕೊಳವೆ ಇದೆಯಲ್ಲ, ಅದರ ಬಾಯಲ್ಲಿರುವ ಕೂದಲುಕೋಶಗಳು ಸಣ್ಣ ಕೀರಲು ಸದ್ದನ್ನು ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಸೋಲುವುದು ಅವೇ. ಸ್ವರಗಳು ದಪ್ಪ ಸದ್ದು, ಅವು ಹೇಗೋ ಒಳಗೆ ಹೋಗುತ್ತವೆ. ಸಕಾರದ ಸಂಸಾರವೆಲ್ಲ 4000 ಹರ್ಟ್ಸ್‌ನ ಆಚೆ. ಹಾಗಾಗಿ ಅಪ್ಪನಿಗೆ ಮಾತು ಕೇಳುತ್ತದೆ, ವ್ಯಂಜನ ಮಾತ್ರ ದಾರಿಯಲ್ಲೇ ಉದುರಿಹೋಗುತ್ತದೆ. ಕೆಳಗೆ ಗಾಡಿಯವನು ಬಂದಿದ್ದಾನೆ, ಸೊಪ್ಪು ತನ್ನಿ ಅಂದರೆ ಎರಡು ಪ್ಯಾಕೆಟ್ ಉಪ್ಪು ಹಿಡಿದು ಲಿಫ್ಟಿನಿಂದ ಹೊರಬರುತ್ತಾರೆ. ನನ್ನ ಹೆಂಡತಿ 'ಮಾವ, ಸಾರು ಬಡಿಸ್ಲಾ?' ಅಂದರೆ ಗೋಡೆ ಗಡಿಯಾರ ನೋಡಿ 'ಆರು ಯಾವಾಗ್ಲೋ ಆಯ್ತಮ್ಮ' ಅನ್ನುತ್ತಾರೆ.

ಮೆಟ್ರೋದಲ್ಲೂ ಇದೇ ಕತೆ. ಹಿಂದಿಯಲ್ಲಿ ನಿಲ್ದಾಣದ ಹೆಸರು ಹೇಳುವ ಗಂಡಸಿನ ಕಂಠ ಶಮ್ಮಿ ನಾರಂಗ್ ಅವರದು, ಇಂಗ್ಲಿಷಿನದು ರಿನಿ ಸೈಮನ್ ಖನ್ನಾ ಅವರದು. ಇಬ್ಬರೂ ಒಂದು ಕಾಲದಲ್ಲಿ ದೂರದರ್ಶನದಲ್ಲಿ ವಾರ್ತೆ ಓದುತ್ತಿದ್ದವರು. ಅಪ್ಪನಿಗೆ ನಾರಂಗರು ಕೇಳುತ್ತಾರೆ, ಆದರೆ ಹಿಂದಿ ಬರುವುದಿಲ್ಲ. ಇಂಗ್ಲಿಷ್ ಬರುತ್ತದೆ, ಖನ್ನಾ ಅವರು ಕೇಳುವುದಿಲ್ಲ.

ಇದರ ಜೊತೆಗೆ ಜಾಣಕಿವುಡು ಬೇರೆ. 'ಸಕ್ಕರೆ ಕಮ್ಮಿ ಮಾಡಿ' ಎನ್ನುವುದು ಎದುರು ನಿಂತು ಕೂಗಿದರೂ ಕೇಳದು. ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಊರಿನ ಮನೆ ಮಾರುವ ಮಾತೆತ್ತಿದರೆ ಅಕ್ಷರ ಬಿಡದೆ ಕೇಳುತ್ತದೆ. ಇದಕ್ಕೆ ಯಾವ ಕಂಪನಿಯೂ ಬಿಡಿಭಾಗ ತಯಾರಿಸಿಲ್ಲ.

ಸೆಲ್ಲು

ಮಿಷನ್ನು ಕೆಟ್ಟಿತು ಎಂದು ಗಾಬರಿಬೀಳುವ ಮುಂಚೆ ಸೆಲ್ಲು ನೋಡಿ. ಗಾತ್ರ ನಾಲ್ಕು, ಬಣ್ಣ ನಾಲ್ಕು: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಯಾವ ಕಂಪನಿಯದಾದರೂ ಬಣ್ಣ ಬದಲಾಗದು. ಇಡೀ ಹಿಯರಿಂಗ್ ಏಡ್ ಲೋಕದಲ್ಲಿ ಎಲ್ಲರೂ ಒಪ್ಪಿ ನಡೆಯುವ ನಿಯಮ ಇದೊಂದೇ ಅಂತ ಕಾಣುತ್ತದೆ, ಕಣ್ಣಿಗೊತ್ತಿಕೊಳ್ಳಿ. ಸಂಖ್ಯೆಗಳ ಹಿಂದೆ ತರ್ಕ ಹುಡುಕಬೇಡಿ. 312ಕ್ಕಿಂತ 13 ದೊಡ್ಡದು. ಎರಡರ ಅಗಲವೂ 7.9 ಮಿಲಿಮೀಟರು, ದಪ್ಪ ಮಾತ್ರ ಒಂದಕ್ಕೆ 3.6, ಇನ್ನೊಂದಕ್ಕೆ 5.4. ನನಗೆ ಇದು ಗೊತ್ತಾದದ್ದು 312ರ ಮಿಷನ್ನಿಗೆ 13 ತಂದು, ಬಾಗಿಲು ಮುಚ್ಚುತ್ತಿಲ್ಲವೆಂದು ಹೆಬ್ಬೆರಳಿನಿಂದ ಒತ್ತಿದಾಗ. ಟಿಕ್ ಎಂದಿತು. ಸೆಲ್ಲಿನ ಬಾಗಿಲೂ ಒಂದು ಬಿಡಿಭಾಗ, ಅದಕ್ಕೂ ಮಾಡೆಲ್ ನಂಬರು, ಬಣ್ಣ ಇರುತ್ತವೆ ಎಂದು ಅವತ್ತೇ ತಿಳಿಯಿತು.

ಇವು ಸತುವಿನ ಸೆಲ್ಲುಗಳು, ಗಾಳಿ ಕುಡಿದು ಬದುಕುತ್ತವೆ. ಬೆನ್ನಿನ ಮೇಲೆ ಸೂಜಿಮೊನೆಯಷ್ಟು ತೂತುಗಳಿವೆ, ಅವುಗಳ ಮೇಲೆ ಬಣ್ಣದ ಸ್ಟಿಕ್ಕರ್. ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಸುಮ್ಮನೆ ಬಿಡಿ, ಉಸಿರಾಡಲಿ, ಆಮೇಲೆ ಹಾಕಿ. ಅಪ್ಪನಿಗೆ ಈ ಒಂದೆರಡು ನಿಮಿಷ ಒಪ್ಪಿಗೆಯಿಲ್ಲ. ರಾತ್ರಿ ಮಲಗುವಾಗ ಸೆಲ್ಲು ತೆಗೆದು, ಉಳಿತಾಯಕ್ಕೆಂದು ಅದೇ ಸ್ಟಿಕ್ಕರನ್ನು ಮತ್ತೆ ಅಂಟಿಸುತ್ತಾರೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಒಮ್ಮೆ ಒಳಹೊಕ್ಕ ಗಾಳಿ ತನ್ನ ಕೆಲಸ ಶುರುಮಾಡಿ ಆಗಿರುತ್ತದೆ. ರಾತ್ರಿ ಬಾಗಿಲು ತೆರೆದಿಟ್ಟರೆ ಸಾಕು, ಒಳಗಿನ ಪಸೆಯೂ ಆರುತ್ತದೆ. ಇಷ್ಟು ಹೇಳಿ ನೋಡಿದೆ. ಜಾಣಕಿವುಡು. ಕೊನೆಗೆ ಹಳೆಯ ಸ್ಟಿಕ್ಕರುಗಳಿಗೆ ಬೇರೆ ಉಪಯೋಗ ಸಿಕ್ಕಿತು: ಹೊಸ ಸೆಲ್ಲು ಹಾಕಿದ ದಿನ ಅದನ್ನು ಕ್ಯಾಲೆಂಡರಿನ ಆ ತಾರೀಖಿನ ಮೇಲೆ ಅಂಟಿಸುವುದು. ಮುಂದಿನದು ಯಾವಾಗ ಮುಗಿಯಬಹುದು ಎಂದು ಲೆಕ್ಕ ಸಿಗುತ್ತದೆ. ಆದರೂ ಒಂದೆರಡು ತಪ್ಪಿಸಿಕೊಂಡು ಬಚ್ಚಲಿನ ಕನ್ನಡಿಗೆ ಹೋಗಿ ಅಂಟಿವೆ, ಸಾಲಾಗಿ, ಅಮ್ಮನ ಹಣೆಯ ಸ್ಟಿಕ್ಕರುಗಳು ಅಂಟಿರುತ್ತಿದ್ದ ಎತ್ತರದಲ್ಲೇ.

ಎಚ್ಚರಿಕೆ, ಇದು ತಮಾಷೆಯಲ್ಲ. ಬಿ.ಪಿ. ಮಾತ್ರೆಯ ಡಬ್ಬಿಯ ಪಕ್ಕದಲ್ಲಿ ಸೆಲ್ಲು ಇಡಬೇಡಿ. ಗಾತ್ರ, ಹೊಳಪು ಎರಡೂ ಮೋಸಮಾಡುತ್ತವೆ. ನುಂಗಿದ್ದಾರೆ ಎಂಬ ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಮಗುವಿದ್ದರೆ ಈ ಸಾಲನ್ನು ಎರಡು ಸಲ ಓದಿ.

ಗೋತ್ರ, ಸೂತ್ರ

ಹೋದ ಆಗಸ್ಟಿನಲ್ಲಿ ಬಲಗಿವಿಯ ರಿಸೀವರು ಸತ್ತಿತು. ರಿಸೀವರ್ ಆರಿಸುವುದೆಂದರೆ ಜಾತಕ ಕೂಡಿಸಿದ ಹಾಗೆ, ಒಂದೇ ವ್ಯತ್ಯಾಸ: ಮದುವೆಯಲ್ಲಿ ಸಗೋತ್ರ ಆಗದು, ಇಲ್ಲಿ ಸಗೋತ್ರವೇ ಆಗಬೇಕು. ಒಂದು ಕಂಪನಿಯದು ಇನ್ನೊಂದಕ್ಕೆ ಹೋಗದು. ಅದೇ ಕಂಪನಿಯಲ್ಲೂ ಹಳೆಯ ಪೀಳಿಗೆಯದು ಹೊಸ ಪೀಳಿಗೆಗೆ ಹೊಂದದೆ ಇರಬಹುದು. ಮನೆತನಗಳ ಕತೆ ಇನ್ನೂ ಗೋಜಲು. ಫೋನಾಕ್, ಯೂನಿಟ್ರಾನ್ ಇಬ್ಬರೂ ಸೋನೋವಾ ಮನೆಯವರು. ಓಟಿಕಾನ್, ಬರ್ನಾಫೋನ್ ಡೆಮಾಂಟ್ ಮನೆಯವರು. ಆ ಮನೆತನದ ಮೂಲಪುರುಷ ಹನ್ಸ್ ಡೆಮಾಂಟ್ 1904ರಲ್ಲಿ ಈ ವ್ಯಾಪಾರಕ್ಕಿಳಿದದ್ದು ಹೆಂಡತಿಗೆ ಕಿವಿ ಕೇಳುತ್ತಿರಲಿಲ್ಲವೆಂದು. ಸೀಮೆನ್ಸ್ 2015ರಲ್ಲಿ ಈ ವ್ಯವಹಾರವನ್ನೇ ಮಾರಿಬಿಟ್ಟಿತು, ಆಮೇಲೆ ಬಂದ ಹೆಸರು ಸಿಗ್ನಿಯಾ. 2019ರಲ್ಲಿ ಅವರೂ ವೈಡೆಕ್ಸ್‌ನವರೂ ಒಂದಾದರು. ನಿಮ್ಮ ತಂದೆಯ ಮಿಷನ್ನಿನ ಮೇಲೆ ಸೀಮೆನ್ಸ್ ಎಂದಿದ್ದರೆ ಸಿಗ್ನಿಯಾದವರ ಬಾಗಿಲು ತಟ್ಟಿ. ಆದರೆ ಮನೆತನ ಒಂದಾದ ಮಾತ್ರಕ್ಕೆ ಅಡುಗೆಮನೆ ಒಂದೇ ಎಂದುಕೊಳ್ಳಬೇಡಿ.

ಗೋತ್ರ ಕೂಡಿತೇ? ಈಗ ಪಾದ ನೋಡಿ. ಕೆಂಪು ಚುಕ್ಕೆ ಬಲಕ್ಕೆ, ನೀಲಿ ಎಡಕ್ಕೆ. ಕಿವಿ ಪರೀಕ್ಷೆಯ ಚಾರ್ಟಿನಲ್ಲೂ ಇದೇ ಬಣ್ಣ: ಬಲಗಿವಿಗೆ ಕೆಂಪು ಸೊನ್ನೆ, ಎಡಕ್ಕೆ ನೀಲಿ ಗುಣಾಕಾರ. ಆಮೇಲೆ ತಂತಿಯ ಉದ್ದ, 0, 1, 2, 3 ಹೀಗೆ, ಅಪ್ಪನದು 2. ಕೊನೆಯದು ಶಕ್ತಿ. ಇದನ್ನು ಒಬ್ಬರು ಎಸ್, ಎಂ, ಪಿ ಎಂದು ಬರೆಯುತ್ತಾರೆ, ಇನ್ನೊಬ್ಬರು 60, 85, 100 ಎಂದು. ಅಪ್ಪನದು ಎಂ. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ಮಿಷನ್ನಿನ ಸೀರಿಯಲ್ ನಂಬರಿನ ಫೋಟೋ ತೆಗೆದು, ಅವೆರಡನ್ನೂ ಮನೆಯಲ್ಲೇ ಮರೆತು ನಾನು ಚಾಂದನಿ ಚೌಕಕ್ಕೆ ಹೊರಟೆ.

ಭಗೀರಥ ಪ್ರಯತ್ನ

ವೈಶಾಲಿಯಿಂದ ನೀಲಿ ಲೈನು, ರಾಜೀವ್ ಚೌಕದಲ್ಲಿ ಇಳಿದು ಹಳದಿ ಲೈನು, ಚಾಂದನಿ ಚೌಕ. 2021ರಿಂದ ಅಲ್ಲಿನ ದೊಡ್ಡ ರಸ್ತೆಯಲ್ಲಿ ಹಗಲು ಹೊತ್ತು ಮೋಟಾರು ವಾಹನ ಬಿಡುವುದಿಲ್ಲ, ಸೈಕಲ್ ರಿಕ್ಷಾ ಮಾತ್ರ. ಕೆಂಪುಕೋಟೆಯ ಕಡೆಗೆ ನಡೆದರೆ ಎಡಕ್ಕೆ ಭಗೀರಥ್ ಪ್ಯಾಲೇಸ್. ಒಂದು ಕಾಲಕ್ಕೆ ಬೇಗಂ ಸಮ್ರುವಿನ ಹವೇಲಿ. ಈಗ ಅದರ ಸುತ್ತಮುತ್ತ ಸೀರಿಯಲ್ ಸೆಟ್ಟು, ವೈರು, ಸ್ವಿಚ್ಚು, ಅದರ ಮಗ್ಗುಲಲ್ಲೇ ಸಗಟು ಔಷಧಿ, ವ್ಹೀಲ್‌ಚೇರು, ಆಪರೇಷನ್ ಕತ್ತರಿ. ಮದುವೆ ಮನೆಗೂ ಆಸ್ಪತ್ರೆಗೂ ಒಂದೇ ಗಲ್ಲಿಯಲ್ಲಿ ಸಾಮಾನು ಕೊಳ್ಳಬಹುದಾದ ಜಾಗ.

ಅಂಗಡಿಯವನಿಗೆ ಸತ್ತ ರಿಸೀವರು ತೋರಿಸಿದೆ. ಅವನು ಅದನ್ನು ಬೆಳಕಿಗೆ ಹಿಡಿಯಲೂ ಇಲ್ಲ. 'ಸಬ್ ಮೇ ಲಗ್ ಜಾತಾ ಹೈ, ಭಾಯ್‌ಸಾಬ್' ಅಂದ. ಕೈಪಿಡಿಯ ಓದುಗರೇ, 'ಎಲ್ಲದಕ್ಕೂ ಆಗುತ್ತದೆ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕಿವಿಯ ಮೇಲೆ ಹೂವು ಬಂದು ಕೂತಿದೆಯೇ ಎಂದು ಮುಟ್ಟಿ ನೋಡಿಕೊಳ್ಳಿ. ನಾನು ಮುಟ್ಟಿಕೊಳ್ಳಲಿಲ್ಲ. ತಂದು ಸಿಕ್ಕಿಸಿದೆ, ಪಿನ್ನು ಸರಿಯಾಗಿ ಕೂತಿತು. ತಂತಿ ಮಾತ್ರ ಕಿವಿಯ ಒಳಕ್ಕೆ ಬಾಗುವ ಬದಲು ಕೆನ್ನೆಯ ಕಡೆಗೆ ಬಾಗಿತು. ಬುಡದಲ್ಲಿ ಎಳ್ಳಿನಷ್ಟು ನೀಲಿ ಚುಕ್ಕೆ. ಅಪ್ಪ ಕನ್ನಡಿಯಲ್ಲಿ ನೋಡಿಕೊಂಡು, 'ಎಡಗಾಲಿನ ಚಪ್ಪಲಿ ತಂದಿದ್ದೀಯಲ್ಲೋ' ಅಂದರು.

ಅದೇ ಅಂಗಡಿಯಲ್ಲಿ ಜೇಬಿನ ಮಿಷನ್ನೂ ಇತ್ತು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅದರಿಂದ ಕಿವಿಗೆ ವೈರು. ಅದನ್ನು ಕಂಡರೆ ನನಗೆ ಗೌರವ. ವೈರಿನ ಎರಡು ಪಿನ್ನಲ್ಲಿ ಒಂದು ದಪ್ಪ, ಒಂದು ಸಣ್ಣ. ತಿರುಗಿಸಿ ಹಾಕಲು ಆಗುವುದೇ ಇಲ್ಲ. ಪೆನ್ಸಿಲ್ ಸೆಲ್ಲು ಬೀದಿ ತುದಿಯ ಕಿರಾಣಿಯಲ್ಲೂ ಸಿಗುತ್ತದೆ. ಅಂದಹಾಗೆ, ಟ್ರಾನ್ಸಿಸ್ಟರ್ ಮೊದಲ ಸಲ ಜನರ ಕೈಗೆ ಬಂದದ್ದು ರೇಡಿಯೋದಲ್ಲಿ ಅಲ್ಲ, ಹಿಯರಿಂಗ್ ಏಡ್‌ನಲ್ಲಿ, 1952ರ ಕೊನೆಗೆ. ಕಿವುಡರಿಗಾಗಿ ದುಡಿದ ಗ್ರಹಾಂ ಬೆಲ್ಲರ ನೆನಪಿಗೆಂದು ಬೆಲ್ ಲ್ಯಾಬ್ಸ್‌ನವರು ಅದಕ್ಕೆ ರಾಯಲ್ಟಿಯನ್ನೂ ಕೇಳಲಿಲ್ಲ.

ಎರಡನೇ ಸಲ ಆನ್‌ಲೈನಿನಲ್ಲಿ ತರಿಸಿದೆ. ಕೆಂಪು ಚುಕ್ಕೆ ಸರಿ, ಉದ್ದ 2 ಸರಿ. ಶಕ್ತಿಯ ಜಾಗದಲ್ಲಿ ಎಂ ಬದಲು ಪಿ. ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡೆ, ಇನ್ವರ್ಟರ್ ಕೊಂಡವನ ಬುದ್ಧಿ. ಹಾಕಿದ ಕೂಡಲೇ ಸೀಟಿ. ಅಡುಗೆಮನೆಯಲ್ಲಿ ಹೆಂಡತಿ 'ನಾನಿನ್ನೂ ಕುಕ್ಕರೇ ಇಟ್ಟಿಲ್ಲ' ಅಂದಳು. ಶಕ್ತಿ ಬದಲಾದರೆ ಮಿಷನ್ನನ್ನು ಕಂಪ್ಯೂಟರಿಗೆ ಜೋಡಿಸಿ ಅದಕ್ಕೆ ತಿಳಿಸಬೇಕು. ಇಲ್ಲದಿದ್ದರೆ ಅದು ಹಳೆಯ ರಿಸೀವರ್ ಎಂದುಕೊಂಡೇ ಒದರುತ್ತದೆ. ಆ ಕೆಲಸ ಆಡಿಯಾಲಜಿಸ್ಟರದು, ಮಗನದಲ್ಲ.

ಡೋಮು, ಗುಗ್ಗೆ

ಡೋಮು ಅಗ್ಗದ್ದು, ಅದಕ್ಕೇ ಅಪಾಯದ್ದು. ತೂತಿರುವ ತೆರೆದ ಡೋಮು, ಮುಚ್ಚಿದ್ದು, ಎರಡು ಪದರದ್ದು ಎಂದು ಜಾತಿಗಳಿವೆ, ಮಿಲಿಮೀಟರಿನಲ್ಲಿ ಅಳತೆಗಳಿವೆ. ಇದಕ್ಕೂ ಗೋತ್ರ ಉಂಟು. ಬೇರೆ ಕಂಪನಿಯದನ್ನು ತುರುಕಿದರೆ ಹೋಗುವಾಗ ಹೋಗುತ್ತದೆ. ಬರುವಾಗ ರಿಸೀವರು ಮಾತ್ರ ಬಂದು ಡೋಮು ಕಿವಿಯಲ್ಲೇ ಉಳಿಯುತ್ತದೆ. ಉಳಿದರೆ ಹೇರ್‌ಪಿನ್ನು ಹಾಕಬೇಡಿ. ಇ.ಎನ್.ಟಿ. ಡಾಕ್ಟರು ಚಿಮಟದಲ್ಲಿ ಅರೆನಿಮಿಷದಲ್ಲಿ ತೆಗೆಯುತ್ತಾರೆ. ನಮ್ಮದನ್ನೂ ತೆಗೆದರು, ಅಪ್ಪ ಅದನ್ನು ಹತ್ತಿಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟರು, ಉಳಿಸಿಕೊಳ್ಳಲಿ ಎಂದು.

ರಿಸೀವರಿನ ತುದಿಯಲ್ಲಿ ಸಾಸಿವೆಕಾಳಿನಷ್ಟು ಬಿಳಿ ಜಾಲರಿ ಇದೆ. ಗುಗ್ಗೆ ಒಳಹೋಗದಂತೆ ಕಾಯುವ ದ್ವಾರಪಾಲಕ. ಅದನ್ನು ಬದಲಿಸಲು ಕಡ್ಡಿ ಕೊಡುತ್ತಾರೆ: ಒಂದು ತುದಿಯಿಂದ ಹಳೆಯದನ್ನು ಚುಚ್ಚಿ ಎಳೆಯುವುದು, ಇನ್ನೊಂದು ತುದಿಯಿಂದ ಹೊಸದನ್ನು ಒತ್ತುವುದು. ಕನ್ನಾಟ್ ಪ್ಲೇಸಿನ ಹುಲ್ಲುಹಾಸಿನಲ್ಲಿ ಕೆಂಪು ಟೋಪಿಗೆ ಕಡ್ಡಿ ಸಿಕ್ಕಿಸಿಕೊಂಡು ಕಿವಿ ಸಾಫ್ ಮಾಡುವವರು ಓಡಾಡುತ್ತಾರಲ್ಲ, ಅವರ ಹತ್ತಿರ ಮಾತ್ರ ಹೋಗಬೇಡಿ. ಅಪ್ಪ ಒಮ್ಮೆ ಕೂತು ಚೌಕಾಸಿಗೆ ಶುರುಮಾಡಿದ್ದರು, ಎರಡೂ ಕೈಯಲ್ಲಿ ಎತ್ತಿ ಕರೆತಂದೆ.

ಹವಾಮಾನ

ಮೇ ತಿಂಗಳ ಲೂ ಗಾಳಿಗೆ ಸೆಲ್ಲು ಬೇಗ ಒಣಗುತ್ತದೆ, ಜುಲೈ ಆಗಸ್ಟಿನ ಸೆಕೆಗೆ ಬೆವರು ಒಳಹೋಗುತ್ತದೆ. ರಾತ್ರಿ ಸೆಲ್ಲು ತೆಗೆದು, ಮಿಷನ್ನನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಿ. ನವೆಂಬರಿನಲ್ಲಿ ಹೊಗೆ ಕವಿದಾಗ ಎನ್95 ಮಾಸ್ಕ್ ಬರುತ್ತದೆ. ಒಂದು ಕಿವಿಯ ಹಿಂದೆ ಕನ್ನಡಕದ ಕಾಲು, ಮಿಷನ್ನು, ಮಾಸ್ಕಿನ ಎಲಾಸ್ಟಿಕ್ಕು, ಮೂವರು ಬಾಡಿಗೆದಾರರು. ಮಾಸ್ಕ್ ತೆಗೆದಾಗ ಮಿಷನ್ನು ಹಾರಿ ಬೀಳುತ್ತದೆ. ಕೈ ಕೆಳಗೆ ಒಡ್ಡಿಯೇ ತೆಗೆಯಬೇಕು, ತಲೆಯ ಹಿಂದೆ ಕಟ್ಟುವ ಮಾಸ್ಕ್ ಆದರೆ ಇನ್ನೂ ಒಳ್ಳೆಯದು. ಜನವರಿಯ ಮಂಕಿ ಕ್ಯಾಪ್ ಮಿಷನ್ನಿನ ಮೇಲೆ ಬಿಗಿಯಾಗಿ ಕೂತರೆ ಮತ್ತೆ ಸೀಟಿ.

ಹೊಂದಾಣಿಕೆ ಪರೀಕ್ಷೆ

ಕೊನೆಗೆ ಕ್ಲಿನಿಕ್ಕಿಗೆ ಹೋದೆವು. ಆಡಿಯಾಲಜಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ, ತಾಳ್ಮೆಯವಳು. ತಂದಿದ್ದ ಪಿ ರಿಸೀವರನ್ನೇ ಕೂರಿಸಿಬಿಡಬಹುದೇ ನೋಡೋಣ ಎಂದು ಮಾತಿನ ಪರೀಕ್ಷೆ ಮಾಡಿದಳು. ತುಟಿ ನೋಡಿ ಊಹಿಸದಂತೆ ಬಾಯಿಗೆ ಹಾಳೆ ಅಡ್ಡ ಹಿಡಿದು ಒಂದೊಂದೇ ಪದ ಹೇಳುವುದು, ಅಪ್ಪ ತಿರುಗಿ ಹೇಳುವುದು. ಪದಗಳೆಲ್ಲ ಹಿಂದಿ. ಇಪ್ಪತ್ತೈದರಲ್ಲಿ ಒಂಬತ್ತು ಸರಿಯಾದವು. 'ಪವರ್ ಜಾದಾ ಹೀ ಚಾಹಿಯೇ' ಅಂದಳು, ಶಕ್ತಿ ಹೆಚ್ಚೇ ಬೇಕು ಎಂದು.

ಅಪ್ಪ ಹಿಂದಿ ಓದಿದವರಲ್ಲ. ಗೊತ್ತಿರುವ ಪದವಾದರೆ ಅರ್ಧ ಕೇಳಿದರೂ ತಲೆ ಉಳಿದರ್ಧ ತುಂಬಿಕೊಳ್ಳುತ್ತದೆ; ಗೊತ್ತಿಲ್ಲದ ಪದಕ್ಕೆ ಎಲ್ಲಿಂದ ತಂದು ತುಂಬುವುದು? ಪರೀಕ್ಷೆಯಲ್ಲಿ ಫೇಲಾದದ್ದು ಅವರ ಕಿವಿಯೋ ಅವರ ಹಿಂದಿಯೋ ಎಂದು ಕೇಳಿದೆ. ಆಕೆ ಪೆನ್ನು ಕೆಳಗಿಟ್ಟಳು. ಕನ್ನಡದ ಪಟ್ಟಿ ಇದೆ ಎಂದು ಆಕೆಗೆ ಗೊತ್ತಿತ್ತು. 1965ರಲ್ಲಿ ಶುರುವಾದ, ಈಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, ಊರವರು 'ಸ್ಪೀಚ್ ಅಂಡ್ ಹಿಯರಿಂಗ್' ಎಂದೇ ಕರೆಯುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 2005ರಲ್ಲಿ ಅದನ್ನು ಮಾಡಿದ್ದಾರೆ. ಕನ್ನಡದಲ್ಲಿ ಒಂದಕ್ಷರದ ಪದ ಕಡಿಮೆ, ಹಾಗಾಗಿ ಎರಡಕ್ಷರದ ಪದಗಳು, ಭಾಷೆಯಲ್ಲಿ ಯಾವ ಧ್ವನಿ ಎಷ್ಟು ಬರುತ್ತದೋ ಅದೇ ಪ್ರಮಾಣದಲ್ಲಿ ಆರಿಸಿದ್ದು. ಆದರೆ ಪಟ್ಟಿ ಆ ಹೊತ್ತಿಗೆ ಆ ಟೇಬಲ್ಲಿನ ಮೇಲೆ ಇರಲಿಲ್ಲ. ಇದ್ದಿದ್ದರೂ ಓದುವವರು ಬೇಕಲ್ಲ.

ನಾನೇ ಬರೆದೆ, ಅಪಾಯಿಂಟ್‌ಮೆಂಟ್ ಚೀಟಿಯ ಹಿಂದೆ, ಅಡುಗೆಮನೆಯನ್ನು ನೆನೆಸಿಕೊಂಡು: ಹಾಲು, ಬೇಳೆ, ಸಾರು, ಉಪ್ಪು, ಸೊಪ್ಪು, ಮೆಣಸು ಬೇಡ ಅದು ಮೂರಕ್ಷರ, ಕಾಸು, ಶಾಲೆ, ಮೂಗು, ಬಾಳೆ. ಇದು ಶಾಸ್ತ್ರೋಕ್ತವಲ್ಲ, ಅಂಕ ಬರೆದುಕೊಳ್ಳುವಂತಿಲ್ಲ ಎಂದು ಆಕೆ ಮೊದಲೇ ಹೇಳಿದಳು. ದನಿ ಏರಿಸಬೇಡಿ, ಇಳಿಸಬೇಡಿ ಎಂದು ಬೆರಳು ತೋರಿಸಿದಳು. ನಾನು ಹಾಳೆಯ ಹಿಂದಿನಿಂದ ಓದಿದೆ. ಹಾಲು, ಬೇಳೆ, ಮೂಗು, ಬಾಳೆ ಎಲ್ಲ ಥಟ್ಟನೆ ಬಂದವು. ಸಾರು ಆರಾಯಿತು, ಸೊಪ್ಪು ಉಪ್ಪಾಯಿತು, ಕಾಸು ಕಾವು ಆಯಿತು. ಶಾಲೆಗೆ ಸ್ವಲ್ಪ ತಡೆದು 'ಶಾಲೆ' ಅಂದರು, ತಾಲವ್ಯವನ್ನು ಒತ್ತಿ. ಆಮೇಲೆ ಹುಡುಗಿಯ ಕಡೆ ತಿರುಗಿ ತಮಗೆ ಬರುವ ಇಂಗ್ಲಿಷಿನಲ್ಲಿ, ಓದುವವನ ಉಚ್ಚಾರಣೆ ಶುದ್ಧವಿಲ್ಲ, ನನ್ನ ವಿದ್ಯಾರ್ಥಿಯಾಗಿದ್ದರೆ ಹೀಗಾಗುತ್ತಿರಲಿಲ್ಲ ಅಂದರು. ನಾನು ಅವರ ವಿದ್ಯಾರ್ಥಿಯೇ. ಎಂಟರಿಂದ ಹತ್ತನೆಯ ತರಗತಿಯವರೆಗೆ.

ಆಕೆಗೆ ಬೇಕಾದದ್ದು ಸಿಕ್ಕಿತ್ತು. ಶಕ್ತಿ ಸಾಲದೆ ಅಲ್ಲ, ಸಣ್ಣ ಸದ್ದು ಸಾಲದೆ. ಎಂ ರಿಸೀವರೇ ಸಾಕು ಎಂದು ಬಲಕ್ಕೆ ಕೆಂಪು ಚುಕ್ಕೆಯ 2 ಎಂ ಹಾಕಿದಳು. ಎಡಗಡೆಯ ಜಾಲರಿ ಗುಗ್ಗೆ ತುಂಬಿ ಮುಚ್ಚಿಹೋಗಿತ್ತು, ಅದನ್ನು ಬದಲಿಸಿದಳು; ಕಂಪ್ಯೂಟರಿನಲ್ಲಿ ಕೀರಲು ಸದ್ದುಗಳನ್ನಷ್ಟೇ ಸ್ವಲ್ಪ ಎತ್ತಿದಳು. ದಿನಾ ಬೆಳಿಗ್ಗೆ ಆ, ಊ, ಈ, ಮ್, ಶ್, ಸ್ ಎಂದು ಆರು ಸದ್ದು ಹೇಳಿ ನೋಡಿ, ಯಾವುದು ತಪ್ಪಿತೋ ಅದರಿಂದ ತೊಂದರೆ ಎಲ್ಲಿದೆ ಅಂದಾಜಾಗುತ್ತದೆ ಎಂದಳು. ಜಗತ್ತಿನ ಎಲ್ಲೆಡೆ ಮಾಡುವ ಪರೀಕ್ಷೆ ಇದು, ಲಿಂಗ್ ಎಂಬುವರು ಮಾಡಿದ್ದು. ನಮ್ಮ ಮನೆಯಲ್ಲಿ ಈಗ ಅದನ್ನು ಮಗಳು ಮಾಡುತ್ತಾಳೆ, ಶಾಲೆಯ ಬಸ್ಸು ಬರುವ ಮುಂಚೆ, ತಾತನ ಬೆನ್ನ ಹಿಂದೆ ನಿಂತು.

ಚಾಂದನಿ ಚೌಕದಿಂದ ತಂದಿದ್ದ ನೀಲಿ ಚುಕ್ಕೆಯ ರಿಸೀವರು ಡ್ರಾಯರಿನಲ್ಲಿದೆ. ಎಡಗಡೆಯದು ಹೋದಾಗ ಬೇಕಾಗುತ್ತದೆ ಎಂದು ಇಟ್ಟಿದ್ದೇನೆ. ಉದ್ದ 3 ಎಂದು ಆಮೇಲೆ ನೋಡಿದೆ.

ಕ್ಲಿನಿಕ್ಕಿನಿಂದ ಬಂದ ರಾತ್ರಿ ಊಟಕ್ಕೆ ಕೂತಿದ್ದೆವು. ಹೆಂಡತಿ ಮಾಮೂಲಿಗಿಂತ ಮೆಲ್ಲಗೆ, ಪಾತ್ರೆಯ ಕಡೆಗೆ ಮುಖ ಮಾಡಿ, 'ಮಾವ, ಸಾರು ಬಡಿಸ್ಲಾ?' ಅಂದಳು. ಅಪ್ಪ ಗೋಡೆ ಗಡಿಯಾರ ನೋಡಿದರು. ನಾನು ಅನ್ನ ಕಲಸುವುದು ನಿಲ್ಲಿಸಿದೆ.

'ಎಂಟೂವರೆ' ಅಂದರು ಅಪ್ಪ, ತಟ್ಟೆ ಮುಂದಕ್ಕೆ ಒಡ್ಡಿ.